ಅಭಿಪ್ರಾಯ ಬರೆಯಬಾರದ ನರ್ಸು

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ಎಪ್ಪತ್ತರ ದಶಕದಲ್ಲಿ ಸೊಲ್ಲಾಪುರದ ಆಸ್ಪತ್ರೆಯೊಂದರಲ್ಲಿ ನಾನು ನರ್ಸಾಗಿದ್ದ ವಾರ್ಡಿನಲ್ಲಿ ರೋಗ ಬೇಕಾದಷ್ಟಿತ್ತು. ಬಾಯಿ ಮುಚ್ಚಿಕೊಂಡಿರಲು ಬಾರದ ನಾನಿದ್ದುದರಿಂದ ಜಗಳಕ್ಕೂ ಕೊರತೆಯಿರಲಿಲ್ಲ. ದಮ್ಮಿನವರದು ಒಂದು ಸಾಲು, ಲಕ್ವಾ ಹೊಡೆದವರದು ಇನ್ನೊಂದು ಸಾಲು. ದೊಡ್ಡ ಡಾಕ್ಟರು ಮುಂಬೈಯವರು. ಬಂದ ದಿನವೇ ಮರಾಠಿಯಲ್ಲಿ ನನಗೆ ಅಪ್ಪಣೆ ಕೊಡಿಸಿದರು: "ಸಿಸ್ಟರ್, ಜ್ವರ ಬರೆಯಿರಿ, ನಾಡಿ ಬರೆಯಿರಿ. ಅಭಿಪ್ರಾಯ ಬರೆಯುವುದು ನನ್ನ ಕೆಲಸ."

ನಾನು ಗಡಿ ಊರಾದ ದುಧನಿಯ ಕನ್ನಡದವಳು. ಬೇಡ ಅಂದದ್ದನ್ನೇ ಮಾಡುವುದು ನಮ್ಮ ಮನೆತನದ ಬಳುವಳಿ.

೧

ಚಾದರದ ಅಂಗಡಿಯ ಸಾವಕಾರರೊಬ್ಬರು ದಮ್ಮಿಗೆಂದು ಸೇರಿದ್ದರು. ಉಸಿರು ಎಣಿಸುವುದಕ್ಕೆ ನಮ್ಮದೊಂದು ಉಪಾಯವಿದೆ. ಎಣಿಸುತ್ತೇನೆ ಅಂತ ಹೇಳಿದರೆ ಯಾರೂ ಇದ್ದ ಹಾಗೆ ಉಸಿರಾಡುವುದಿಲ್ಲ. ಅದಕ್ಕೆ ನಾಡಿ ನೋಡುವವರಂತೆ ಮಣಿಕಟ್ಟು ಹಿಡಿದು, ಕಣ್ಣು ಮಾತ್ರ ಎದೆಯ ಮೇಲಿಟ್ಟು ಎಣಿಸುವುದು. ಮೂರು ದಿನ ನಡೆಯಿತು. ನಾಲ್ಕನೆಯ ದಿನ ಸಾವಕಾರರು ಕೇಳಿದರು, "ಸಿಸ್ಟರ್, ಕೈ ಹಿಡದು ಎದಿ ಯಾಕ ನೋಡ್ತೀರಿ?"

ವ್ಯಾಪಾರಿಯ ಕಣ್ಣು, ಏನು ಮಾಡೋಣ! ಅವರಿಗೆ ಮನೆಗೆ ಹೋಗುವ ಅವಸರ. ಲಗ್ನಸರಾಯಿ, ಅಂದರೆ ಮದುವೆಗಳ ಕಾಲ, ಶುರುವಾಗಿತ್ತು, ಅಂಗಡಿ ಮುನೀಮನ ಕೈಯಲ್ಲಿತ್ತು. ಅಂದಿನಿಂದ ನಾನು ಕೈ ಹಿಡಿದ ಕೂಡಲೇ ಕಣ್ಣು ಮುಚ್ಚಿ ಋಷಿಮುನಿಗಳ ಹಾಗೆ ನಿಧಾನ ಉಸಿರಾಡತೊಡಗಿದರು. ನಾನು ಅತ್ತ ಹೋದೊಡನೆ ಮೂಗಿನ ಹೊಳ್ಳೆ ಅರಳಿಸಿ ಏದುಸಿರು.

ಡಾಕ್ಟರು ಚಾರ್ಟ್ ನೋಡಿ, "ಚೆನ್ನಾಗಿದ್ದಾರೆ, ನಾಳೆ ಮನೆಗೆ ಕಳಿಸಿ" ಅಂದರು.

"ಚೆನ್ನಾಗಿಲ್ಲ ಸರ್" ಅಂದೆ.

"ಅದು ಅಭಿಪ್ರಾಯ."

ನಾನು ಸಾವಕಾರರ ಕಡೆ ತಿರುಗಿದೆ. "ಸಾವಕಾರ್ರ, ಡಾಕ್ಟರ್ ಸಾಹೇಬ್ರಿಗೆ ಚಾದರ ಬೇಕಾಗ್ಯಾವಂತ. ನಿಮ್ಮಲ್ಲಿ ಯಾವ್ಯಾವ ನಮೂನಿ ಅದಾವ, ಒಂದ ದಮ್ಮಿನಾಗ ಹೇಳ್ರಿ ನೋಡೂಣು."

ಗಿರಾಕಿ ಅಂದಮೇಲೆ ಋಷಿತ್ವ ಎಲ್ಲಿಯದು? ಎದ್ದು ಕೂತರು. "ನವಿಲಿನ ಡಿಜೈನ್ ಅದ... ಕಮಲದ್ದು... ಅದ..." ಮೂರನೆಯದಕ್ಕೆ ತುಟಿ ನೀಲಿಯಾಯಿತು. ಡಾಕ್ಟರು ಗಾಬರಿಯಾಗಿ ತಾವೇ ಆಕ್ಸಿಜನ್ ಎಳೆದುಕೊಂಡು ಬಂದರು. ಮೂಗಿಗೆ ಮಾಸ್ಕ್ ಹಾಕುವಾಗ ಸಾವಕಾರರು ಅವರ ಕೈ ಗಟ್ಟಿಯಾಗಿ ಹಿಡಿದು, "ರಂಗು... ಪಕ್ಕಾ..." ಅಂದರು.

೨

ಬೋರಾಮಣಿ ಊರಿನ ಗೌಡಸಾನಿಗೆ ಎಡಮಗ್ಗುಲು ಲಕ್ವಾ ಹೊಡೆದಿತ್ತು. ಮಾತು ತೊದಲುತ್ತಿತ್ತು. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ, ಗಂಡನ ಹೊಲವೆಲ್ಲ ಆಕೆಯ ಹೆಸರಿನಲ್ಲಿತ್ತು. ಜೊತೆಗೆ ಬಂದವನು ಮೈದುನ, ಭಾರಿ ಮೀಸೆಯ ಮನುಷ್ಯ.

ಒಂದು ಬೆಳಿಗ್ಗೆ ಅವನು ಅಕ್ಕಲಕೋಟದಿಂದ ತಂದ ಅಂಗಾರವನ್ನು, ಅಂದರೆ ಗುಡಿಯ ಬೂದಿಯನ್ನು, ತಂಬಿಗೆ ನೀರಿನಲ್ಲಿ ಕಲಸಿ, ಅಂಗಾತ ಮಲಗಿದ್ದ ಆಕೆಯ ಬಾಯಿಗೆ ಹೊಯ್ಯಲು ಹೊರಟಿದ್ದ. ನಾನು ಓಡಿಹೋಗಿ ಕೈ ಹಿಡಿದೆ.

"ದೇವರ ಅಂಗಾರಕ್ಕೂ ಅಡ್ಡ ಬರ್ತೀರೇನ್ರಿ?"

"ಅಂಗಾರಕ್ಕಲ್ಲ, ನೀರಿಗೆ. ಲಕ್ವಾ ಹೊಡದ ಗಂಟಲಿಗೆ ನುಂಗೂದು ಮರತಿರ್ತದ. ಮಲಗಿಸಿ ಹೊಯ್ದರ ನೀರು ಹೊಟ್ಟಿಗಲ್ಲ, ಉಸಿರಿನ ಕೊಳವಿಗೆ ಹೋಗ್ತದ. ಕೂಡ್ರಿಸಿ ಒಂದ ಚಮಚಾ ಕೊಟ್ಟು ನೋಡಬೇಕು."

"ಮಲಗಿ ನೀರು ಕುಡಿಯೂದು ಏನ್ ದೊಡ್ಡ ವಿದ್ಯಾ ಐತ್ರಿ?"

"ಹಂಗಾರ ಕುಡದು ತೋರಸ್ರಿ."

ಮೀಸೆಯ ಪ್ರಶ್ನೆ ಬಂತಲ್ಲ! ಪಕ್ಕದ ಖಾಲಿ ಮಂಚದ ಮೇಲೆ ಅಂಗಾತ ಬಿದ್ದು ಇಡೀ ತಂಬಿಗೆ ಒಂದೇ ಸಲ ಎತ್ತಿದ. ಅಂಗಾರದ ನೀರು ಮೂಗಿನಿಂದ ಬಂತು, ಕಣ್ಣಲ್ಲಿ ನೀರು ಬಂತು, ಕರಿ ಮೀಸೆ ಬೂದಿಯಾಯಿತು. ಕೆಮ್ಮಿ ಕೆಮ್ಮಿ ಸುಸ್ತಾದ. ಗೌಡಸಾನಿಯ ಮುಖದ ಬಲಭಾಗ ನಗುತ್ತಿತ್ತು. ಆಗಲೇ ನನಗೆ ತಿಳಿಯಿತು, ಈ ಹೆಂಗಸಿಗೆ ಎಲ್ಲ ಅರ್ಥವಾಗುತ್ತದೆ.

ಮೈದುನ ಎದ್ದು ಕೂತು ಮೆಲ್ಲಗೆ ಹೇಳಿದ, "ಹಣಿಗಷ್ಟ ಹಚ್ರಿ ಸಾಕು."

೩

ವಾರ ಕಳೆಯುವುದರೊಳಗೆ ಅದೇ ಮೈದುನ ಡಾಕ್ಟರ ಹಿಂದೆ ಬಿದ್ದ. "ನಮ್ಮ ವೈನಿಗೆ ಬುದ್ಧಿ ಹೋಗೇದ ಅಂತ ಒಂದ್ ಕಾಗದಾ ಕೊಡ್ರಿ. ಹೊಲಾ ನೋಡ್ಕೊಳ್ಳಾಕ ಬೇಕು." ಆ ಕಾಗದಕ್ಕೆ ಸಹಿ ಬಿದ್ದರೆ ಹೊಲ ಅವನ ಕೈಗೆ, ಗೌಡಸಾನಿ ದನದ ಕೊಟ್ಟಿಗೆಯ ಮೂಲೆಗೆ. ಇದು ಅವನಿಗೂ ಗೊತ್ತಿತ್ತು, ಆಕೆಗೂ ಗೊತ್ತಿತ್ತು. ನನಗಂತೂ ಮೈಯೆಲ್ಲ ಉರಿಯಿತು.

ಡಾಕ್ಟರು ಪ್ರಶ್ನೆಗಳ ಪಟ್ಟಿ ಹಿಡಿದು ಬಂದರು. ಅವರು ಮರಾಠಿಯಲ್ಲಿ ಕೇಳುವುದು, ನಾನು ಕನ್ನಡದಲ್ಲಿ ದಾಟಿಸುವುದು.

"ಇವತ್ತು ತಾರೀಖು ಎಷ್ಟು?"

"ಅಮಾಸಿ ಆಗಿ ಮೂರನೇ ದಿನ."

ತಪ್ಪು ಎಂದು ಗೆರೆ ಎಳೆದರು.

"ನೀವು ಎಲ್ಲಿದ್ದೀರಿ?"

"ಈ ನರ್ಸವ್ವನ ಕೈಯಾಗ."

ಇನ್ನೊಂದು ಗೆರೆ.

"ಗಂಡನ ಹೆಸರು?"

ಗೌಡಸಾನಿ ಸರಿಯಿದ್ದ ಕೈಯಿಂದ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಸುಮ್ಮನಾದರು. ಮೂರು ಸಲ ಕೇಳಿದರೂ ತುಟಿ ಎರಡಾಗಲಿಲ್ಲ. "ಗಂಡನ ಹೆಸರೇ ಮರೆತುಹೋಗಿದೆ!" ಅಂತ ಡಾಕ್ಟರು ಕಾಗದಕ್ಕೆ ಪೆನ್ನು ಹಚ್ಚಿದರು. ಮೈದುನನ ಮೀಸೆ ಅರಳಿತು. ನಾನು ಕಾಗದದ ಮೇಲೆ ಅಂಗೈ ಇಟ್ಟೆ.

"ಮರೆತಿಲ್ಲ ಸರ್. ಗಂಡನ ಹೆಸರನ್ನು ಹಾಗೇ ಬಾಯಿಬಿಟ್ಟು ಹೇಳುವುದಿಲ್ಲ. ನಿಮ್ಮ ತಾಯಿಯವರೂ ಹೇಳಿರಲಿಕ್ಕಿಲ್ಲ. ಬಿಳಿ ಕೋಟು ಹಾಕಿದ ಮೇಲೆ ಮನೆ ಮರೆತದ್ದು ನೀವು."

ಡಾಕ್ಟರ ಮುಖ ಕೆಂಪಾಯಿತು. "ಕೈ ತೆಗೆಯಿರಿ. ನಿಮ್ಮ ಮೇಲೆ ಮೇಟ್ರನ್ನಿಗೆ ದೂರು ಬರೆಯುತ್ತೇನೆ."

"ಬರೆಯಿರಿ. ನಾನು ಅಂದದ್ದನ್ನೂ ಪೂರಾ ಬರೆಯಿರಿ." ಕೈ ತೆಗೆಯಲಿಲ್ಲ. ಮದುವೆ ಮುಂಜಿಗಳಲ್ಲಿ ಗಂಡನ ಹೆಸರನ್ನು ಪ್ರಾಸ ಕಟ್ಟಿ ಹೇಳುವುದಕ್ಕೆ ನಮ್ಮಲ್ಲಿ ಒಡಪು ಅನ್ನುತ್ತಾರೆ. ಗೌಡಸಾನಿಯ ಕಿವಿಯ ಹತ್ತಿರ ಬಾಗಿದೆ. "ಹೆಸರು ಬ್ಯಾಡವ್ವಾ. ಒಂದ ಒಡಪು ಹೇಳ್ರಿ."

ಆಕೆ ಸೆರಗು ಸರಿಸಿದರು. ಮೈದುನನನ್ನೊಮ್ಮೆ, ಡಾಕ್ಟರನ್ನೊಮ್ಮೆ ನೋಡಿದರು. ತೊದಲುತ್ತಲೇ, ಆದರೆ ಒಂದು ಅಕ್ಷರವನ್ನೂ ಬಿಡದೆ ಹೇಳಿದರು:

"ಬೋರಾಮಣಿ ಹೊಲದಾಗ ಬಿಳಿಜ್ವಾಳದ ರಾಶಿ,
ಮೈದುನಗ ಅದರ ಮ್ಯಾಲ ಬಾಳ ದಿನದ ಆಶಿ,
ಹುಚ್ಚಿ ಅಂದವರಿಗಿಂತ ಶಿವಲಿಂಗಪ್ಪಗೌಡ್ರ ಹೆಂಡ್ತಿ ವಾಸಿ!"

ವಾರ್ಡಿಗೆ ವಾರ್ಡೇ ನಕ್ಕಿತು. ದಮ್ಮಿನವರು ಕೆಮ್ಮುತ್ತ ನಕ್ಕರು. ನಾನು ಡಾಕ್ಟರಿಗೆ ಒಂದೊಂದು ಮಾತನ್ನೂ ಬಿಡಿಸಿ ಹೇಳಿದೆ, ವಿಶೇಷವಾಗಿ ಮೂರನೆಯ ಸಾಲನ್ನು. ಮೈದುನ ಬಗ್ಗಿ ಮಂಚದ ಕೆಳಗೆ ಚಪ್ಪಲಿ ಹುಡುಕತೊಡಗಿದ.

ಡಾಕ್ಟರು ಪೆನ್ನಿನ ಟೋಪಿ ಹಾಕಿದರು. "ಬುದ್ಧಿ ಇದೆ" ಅಂದರು. ಪೆನ್ನನ್ನು ಜೇಬಿಗೆ ಸಿಕ್ಕಿಸಿ, "ಚೆನ್ನಾಗಿಯೇ ಇದೆ."

ಅಷ್ಟಕ್ಕೇ ಬಿಟ್ಟರೆ ಆಕೆ ಗೌಡಸಾನಿ ಹೇಗಾದಾರು? "ಏ ತಮ್ಮಾ, ನಿಂದು ಲಗ್ನ ಆಗ್ಯದೇನು?" ಅಂತ ಕೇಳಿದರು. ನಾನು ದಾಟಿಸಿದೆ, ಡಾಕ್ಟರು ಹೌದೆಂದು ತಲೆಯಾಡಿಸಿದರು.

"ಹಂಗಾರ ನೀ ಹೇಳು, ಹೆಂಡ್ತಿ ಹೆಸರು. ಒಡಪಿನಾಗ."

ಡಾಕ್ಟರು ಛಾವಣಿ ನೋಡಿದರು, ಪ್ರಶ್ನೆಗಳ ಪಟ್ಟಿ ನೋಡಿದರು, ನನ್ನನ್ನು ನೋಡಿದರು. ಮರಾಠಿಯಲ್ಲಿ ಅರ್ಧ ಸಾಲು ಹೇಳಿ ಸಿಕ್ಕಿಹಾಕಿಕೊಂಡರು. ಗೌಡಸಾನಿ ಸಮಾಧಾನದಿಂದ ಕಾದರು. ಮೂರು ಸಲ ಕೇಳಿದರು, ಅವರು ಕೇಳಿದ ಹಾಗೆಯೇ. ಆಮೇಲೆ ನನ್ನ ಕೈ ಮುಟ್ಟಿ ಹೇಳಿದರು:

"ನರ್ಸವ್ವಾ, ಆ ಕಾಗದಾ ಇನ್ನೂ ಖಾಲಿ ಅದ ಅಲ್ಲ? ಅದರಾಗ ಈ ಡಾಕ್ಟರನ ಹೆಸರು ಬರಿ."