ವಾರ್ಡಿನ ಕಬ್ಬಿಣದ ಬಾಗಿಲಿಗೆ ಒಂದು ವಿನಮ್ರ ಅಹವಾಲು

ಮಾನ್ಯ ಬಾಗಿಲು ಮಹಾಶಯರೇ,

ಮಾನಸಿಕ ಚಿಕಿತ್ಸೆಯ ವಾರ್ಡಿನಲ್ಲಿ ಕಿಟಕಿ ಪಕ್ಕದ ಮಂಚದಲ್ಲಿ ಮಲಗಿರುವವನ ಅನಂತ ನಮಸ್ಕಾರಗಳು. ತಮ್ಮ ಕುಶಲವನ್ನು ಬೇರೆ ವಿಚಾರಿಸಬೇಕಾಗಿಲ್ಲ. ಧಡಾರ್ ಎಂಬ ಒಂದೇ ಮಾತಿನಲ್ಲಿ ತಾವು ಗಟ್ಟಿಮುಟ್ಟಾಗಿದ್ದೀರೆಂದು ಇಡೀ ಕಟ್ಟಡಕ್ಕೆ ತಿಳಿಯುತ್ತದೆ.

ನಮ್ಮ ಮನಸ್ಸು ತಣ್ಣಗಿರಲೆಂದು ಆಸ್ಪತ್ರೆಯವರು ಪಟ್ಟ ಪಾಡು ತಮಗೆ ಗೊತ್ತೇ ಇದೆ. ಗೋಡೆಗೆ ತಿಳಿನೀಲಿ ಬಣ್ಣ ಬಳಿಸಿದರು, ಕಣ್ಣು ಕುಕ್ಕುವ ದೀಪಗಳನ್ನು ತೆಗೆಸಿದರು, ಮೂಲೆಯಲ್ಲಿ ಮೀನಿನ ತೊಟ್ಟಿ ಇರಿಸಿದರು. ತಮ್ಮನ್ನು ಮಾತ್ರ ಮುಟ್ಟಲಿಲ್ಲ. ಜೋರಾಗಿ ಬಡಿಯದಿದ್ದರೆ ಬೀಗ ಕೂರುವುದಿಲ್ಲವಾದ್ದರಿಂದ, ಬರುವವರೂ ಹೋಗುವವರೂ ತಮ್ಮನ್ನು ಬಡಿದು, ಅನುಮಾನ ತೀರದೆ ಜಗ್ಗಿ ನೋಡಿ, ಮತ್ತೊಮ್ಮೆ ಬಡಿದೇ ಮುಂದೆ ಸಾಗುತ್ತಾರೆ. ಆ ಸದ್ದಿಗೆ ಮೀನುಗಳು ಪ್ಲಾಸ್ಟಿಕ್ ಗಿಡದ ಹಿಂದೆ ಅಡಗುತ್ತವೆ. ನಮ್ಮನ್ನು ಸಮಾಧಾನಪಡಿಸಲು ಬಂದ ಮೀನುಗಳನ್ನು ಈಗ ನಾವೇ ಸರದಿಯ ಮೇಲೆ ಸಮಾಧಾನಪಡಿಸುತ್ತಿದ್ದೇವೆ. ಕೆಂಪು ಮೀನಿಗೆ ಇನ್ನೂ ಗುಣ ಕಂಡಿಲ್ಲ.

ಇಷ್ಟೇ ಆಗಿದ್ದರೆ ಹಲ್ಲು ಕಚ್ಚಿಕೊಂಡು ಸುಮ್ಮನಿರುತ್ತಿದ್ದೆ. ಆದರೆ ಪಕ್ಕದ ಮಂಚದ ದರ್ಜಿಯವರ ವಿಚಾರದಲ್ಲಿ ತಾವು ನಡೆದುಕೊಂಡ ರೀತಿ ನನಗೆ ಸಹಿಸಲಾಗಲಿಲ್ಲ. ಇಲ್ಲಿಗೆ ಬಂದಾಗಿನಿಂದ ಅವರು ತುಟಿ ಬಿಚ್ಚಿರಲಿಲ್ಲ. ಮಗಳು ದಿನಾ ಬಂದು, ಕಿತ್ತಳೆ ಸುಲಿದು, ಅಪ್ಪನ ಮುಖವನ್ನೇ ನೋಡುತ್ತಾ ಕೂತು, ಕೊನೆಗೆ ತಾನೇ ತಿಂದು ಹೋಗುತ್ತಿದ್ದಳು. ನಿನ್ನೆ ಅವರು ಅವಳ ಅಂಗಿಯ ಕಡೆ ಕೈ ಚಾಚಿ, "ಪುಟ್ಟಿ, ನಿನ್ನ..." ಎಂದರು. ತಾವು ಧಡಾರ್ ಎಂದಿರಿ. ಅವರು ಹೊದಿಕೆಯನ್ನು ತಲೆಯ ಮೇಲೆ ಎಳೆದುಕೊಂಡರು. ಹೋಗುವಾಗ ಆ ಹುಡುಗಿ ತಮ್ಮನ್ನು ಎರಡೂ ಕೈಗಳಿಂದ ಮೆಲ್ಲಗೆ ಮುಚ್ಚಲು ನೋಡಿದಳು. ಕಾವಲಿನವರು, "ಜೋರಾಗಿ ಹಾಕಮ್ಮ, ಬೀಗ ಕೂರಲ್ಲ" ಎಂದು ಗದರಿದರು. ನನಗೆ ಅಳುವೇ ಬಂತು.

ಆದಕಾರಣ ನನ್ನ ಬಿನ್ನಹವೇನೆಂದರೆ, ಭೇಟಿಯ ಹೊತ್ತಿನಲ್ಲಾದರೂ ತಾವು ಗಂಟಲು ಕಟ್ಟಿದೆಯೆಂದು ರಜೆ ಹಾಕಬೇಕು. ಅದಾಗದಿದ್ದರೆ ನನ್ನ ಮಂಚಕ್ಕೆ ದಯಮಾಡಿಸಿ, ನನ್ನ ಗುಳಿಗೆಗಳನ್ನೂ ನುಂಗಿ ಆರಾಮಾಗಿ ಮಲಗಿರಿ, ನಾನು ತಮ್ಮ ಚೌಕಟ್ಟಿನಲ್ಲಿ ನಿಂತು ಬಂದವರಿಗೆಲ್ಲ ಪಿಸುದನಿಯಲ್ಲಿ ದಾರಿ ಬಿಡುತ್ತೇನೆ. ಬಾಗಿಲಿಗೆ ಪತ್ರ ಬರೆಯುತ್ತಿದ್ದಾನೆಂದು ಡಾಕ್ಟರು ನನ್ನ ಗುಳಿಗೆ ಹೆಚ್ಚಿಸಬಹುದು. ಹೆಚ್ಚಿಸಲಿ. ಮನುಷ್ಯರಿಗೆ ಹೇಳಿ ಹೇಳಿ ಬಾಯಿ ನೋಯಿಸಿಕೊಂಡ ಮೇಲೆಯೇ ತಮ್ಮ ಬಳಿಗೆ ಬಂದಿದ್ದೇನೆ. ದರ್ಜಿಯವರ ಆ ಒಂದು ಮಾತು ಮುಗಿಯುವ ತನಕ ತಾಳಿಕೊಳ್ಳಿ, ಅಷ್ಟು ಸಾಕು.

ತಮ್ಮ ಪ್ರತಿ ಸದ್ದಿಗೂ ತಪ್ಪದೆ ಎದ್ದು ಕೂರುವ
ತಮ್ಮ ವಿಶ್ವಾಸಿ,
ಕಿಟಕಿ ಪಕ್ಕದ ಮಂಚದವನು

ವಿ.ಸೂ.: ಪತ್ರ ಮಡಚುವಷ್ಟರಲ್ಲಿ ಇನ್ನೊಂದು ಸಂಗತಿ ನಡೆಯಿತು. ಇಂದು ಭೇಟಿಯ ಹೊತ್ತಿಗೆ ನರ್ಸಮ್ಮ ಕಾಲಿನ ರಬ್ಬರ್ ಚಪ್ಪಲಿಯೊಂದನ್ನು ಕಳಚಿ ತಮ್ಮ ಸಂದಿಗೆ ಸಿಕ್ಕಿಸಿ, ಸ್ವತಃ ಅಲ್ಲಿ ಕಾವಲು ನಿಂತರು. ದರ್ಜಿಯವರು ಮಾತು ಮುಗಿಸಿದರು: "ಪುಟ್ಟಿ, ನಿನ್ನ ಗುಂಡಿ ಸಡಿಲ ಆಗಿದೆ ನೋಡು, ಮನೆಗೆ ಬಂದ್ಮೇಲೆ ಹಾಕ್ಕೊಡ್ತೀನಿ." ಸಂಜೆಯೊಳಗೆ ಚಪ್ಪಲಿಯ ಬಗ್ಗೆ ವಿವರಣೆ ಕೇಳಿ ನರ್ಸಮ್ಮನಿಗೆ ನೋಟಿಸು ಬಂದಿದೆ. ತಮ್ಮನ್ನು ಮಾತ್ರ ಯಾರೂ ಏನೂ ಕೇಳಿಲ್ಲ.