ಮೊಂಡು ಪೆನ್ಸಿಲ್‌ನ ಆಮೆ

ಅನಿಮೇಷನ್ ಲೋಕದ ಸುದ್ದಿಯನ್ನು ಕಾಫಿ ಕುಡಿಯುವ ಮೊದಲು ಓದಬೇಡಿ ಎಂದು ಹೆಂಡತಿ ನೂರು ಸಲ ಹೇಳಿದ್ದಳು. ಬಾಲಣ್ಣ ಕೇಳಿರಲಿಲ್ಲ. ಅವತ್ತು ಬೆಳಿಗ್ಗೆಯೂ ಫೋನು ತೆರೆದ. ಎಲ್ಲಿಯದೋ ದೊಡ್ಡ ಸ್ಟುಡಿಯೋ ಒಂದು, ಕಂಪನಿಯ ಸಿನಿಮಾವನ್ನು ಬ್ಲಾಗಿನಲ್ಲಿ ಗೇಲಿ ಮಾಡಿದ ಅನಿಮೇಟರನ್ನು ಕೆಲಸದಿಂದ ತೆಗೆದಿತ್ತು. ಓದುತ್ತಿದ್ದಂತೆ ಅವನು ಫೋನನ್ನು ಮಗುಚಿಟ್ಟ. ಹಿಂದಿನ ದಿನವಷ್ಟೇ ಅವನೂ ಅದನ್ನೇ ಮಾಡಿದ್ದ.

ಬಾಲಣ್ಣ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಹನ್ನೊಂದು ವರ್ಷದಿಂದ ಸ್ಟುಡಿಯೋದಲ್ಲಿ ಅವನಿಗೆ ಸಿಕ್ಕಿದ್ದು ಪ್ರಾಣಿಗಳ ಬಾಲ ಆಡಿಸುವ ಕೆಲಸವೊಂದೇ. ಮುಖ, ಕೈಕಾಲು, ನಗು, ಅಳು ಎಲ್ಲ ಬೇರೆಯವರ ಪಾಲು. ಆ ಸಂಕಟವನ್ನು ಅವನು ‘ಮೊಂಡು ಪೆನ್ಸಿಲ್’ ಎಂಬ ಗುಪ್ತನಾಮದಲ್ಲಿ ಬ್ಲಾಗ್ ಬರೆದು ತೀರಿಸಿಕೊಳ್ಳುತ್ತಿದ್ದ. ಉದ್ಯಮದ ಸುದ್ದಿಯ ಮೇಲೆ ನಾಲ್ಕು ಮಾತು, ಕೊನೆಯಲ್ಲಿ ತನ್ನ ಸ್ವಂತ ಸಿನಿಮಾದ ಒಂದು ಚಿತ್ರ.

ಸ್ವಂತ ಸಿನಿಮಾ ಎಂದರೆ ಟಪಾಲು ಹಂಚುವ ಆಮೆಯ ಕತೆ. ಎಂಟು ವರ್ಷದಲ್ಲಿ ನಲವತ್ತೊಂದು ಸೆಕೆಂಡು ಮುಗಿದಿತ್ತು. ಆಮೆ ಒಂದು ಮನೆಯ ಬಾಗಿಲು ತಟ್ಟಿತ್ತು. ಬಾಗಿಲು ತೆಗೆಯಬೇಕಾದವರು ಯಾರೆಂದು ಬಾಲಣ್ಣನಿಗೆ ಹೊಳೆಯದೆ, ಪಾಪ, ಎರಡು ವರ್ಷದಿಂದ ಅದು ಹೊಸ್ತಿಲಲ್ಲೇ ನಿಂತಿತ್ತು. ಆ ಆಮೆಯೊಂದು ತನ್ನದಿದೆ ಎಂಬ ಧೈರ್ಯದಲ್ಲೇ ಅವನು ದಿನವೂ ಬೇರೆಯವರ ಬೆಕ್ಕುಗಳಿಗೆ ಬಾಲ ಹಚ್ಚಲು ಹೋಗುತ್ತಿದ್ದ.

ನಿನ್ನೆ ಬರೆದದ್ದು ಆ ಬೆಕ್ಕುಗಳ ಬಗ್ಗೆಯೇ. “ನಮ್ಮೂರಿನ ಸ್ಟುಡಿಯೋ ಒಂದು ಹನ್ನೆರಡು ಬೆಕ್ಕುಗಳ ಸಿನಿಮಾ ತೆಗೆಯುತ್ತಿದೆ. ಹನ್ನೆರಡಕ್ಕೂ ಒಂದೇ ಮುಖ. ಹೆತ್ತ ತಾಯಿಯೇ ಬಂದರೂ ಹಾಜರಿ ಕೂಗಬೇಕು.”

“ನಿಮ್ಮ ಕೈ ಸುಮ್ನಿರಲ್ಲ,” ಎಂದಳು ಹೆಂಡತಿ. “ಯಾರಾದ್ರೂ ಕೇಳಿದ್ರೆ ನಾನಲ್ಲ ಅಂದ್ಬಿಡಿ. ಅಷ್ಟು ಸಾಕು.”

ಸ್ಟುಡಿಯೋದ ಬಾಗಿಲಲ್ಲೇ ಗ್ರಹಚಾರ ಕಾದಿತ್ತು. ಎದುರಿನ ಬೋರ್ಡಿಗೆ ಅವನ ಆಮೆಯನ್ನೇ ದೊಡ್ಡದಾಗಿ ಪ್ರಿಂಟ್ ತೆಗೆದು ಚುಚ್ಚಿದ್ದರು. ಹಿನ್ನೆಲೆಯ ಗುಡ್ಡ, ಮರ, ಮೋಡ ಬರೆಯುವ ಅಕ್ಕ ಓಡಿಬಂದಳು. ಯಾರ ಮನೆಯಲ್ಲಿ ಏನು ಬೆಂದರೂ ಮೊದಲು ಅವಳಿಗೆ ವಾಸನೆ ಬರುತ್ತಿತ್ತು.

“ಮೇಡಂ ತಾವೇ ಚುಚ್ಚಿ ಹೋಗಿದಾರೆ. ‘ಮೊಂಡು ಪೆನ್ಸಿಲ್ ನಮ್ಮಲ್ಲೇ ಯಾರೋ ಇದಾರೆ, ಇವತ್ತು ಅವರು ನನ್ನ ರೂಮಿಗೆ ಬರ್ಬೇಕು’ ಅಂದ್ರು.”

“ಸಿಟ್ಟಾಗಿದ್ರಾ?”

“ಮುಖದಲ್ಲಿ ಏನೂ ಕಾಣ್ಲಿಲ್ಲ ಕಣೋ. ಅದಕ್ಕೇ ಭಯ.”

ಸಹೋದ್ಯೋಗಿಗಳ ಕೆಲಸ ಉಳಿಸುವ ಹೊಣೆಯನ್ನು ಅಕ್ಕ ತಾನೇ ಮೈಮೇಲೆ ಹಾಕಿಕೊಂಡಳು. ಒಂದು ಹಾಳೆಯ ಮೇಲೆ ‘ಮೊಂಡು ಪೆನ್ಸಿಲ್ ನಾನಲ್ಲ’ ಎಂದು ಬರೆದು ಎಲ್ಲರ ಮುಂದೆ ಹಿಡಿದಳು. ಬಾಲಣ್ಣ ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ದೊಡ್ಡದಾಗಿ ಸಹಿ ಹಾಕಿದ. ಸಾಲದೆಂದು ಕೆಳಗೆ ಎರಡು ಗೆರೆಯನ್ನೂ ಎಳೆದ.

ಸ್ಟುಡಿಯೋದ ಒಡತಿಯಾದ ಮೇಡಂ ಬಂದು ಆ ಹಾಳೆಯನ್ನು ಓದಿ ಮಡಚಿಟ್ಟುಕೊಂಡರು. “ಸಹಿ ಇರ್ಲಿ. ಈಗ ಎಲ್ಲರೂ ಒಂದೊಂದು ಆಮೆ ಬರೆದುಕೊಡಿ. ಗೆರೆ ನೋಡಿದ್ರೆ ಯಾರ ಕೈ ಅಂತ ನಂಗೆ ಗೊತ್ತಾಗುತ್ತೆ.”

ಆಮೆ ಬರೆ ಎಂದರೆ ಬಾಲಣ್ಣನ ಬಲಗೈ ಕಣ್ಣು ಮುಚ್ಚಿದರೂ ಆ ಒಂದೇ ಆಮೆಯನ್ನು ಬರೆಯುತ್ತಿತ್ತು. ಆದ್ದರಿಂದ ಬಲಗೈಯನ್ನು ತೊಡೆಯ ಕೆಳಗೆ ಒತ್ತಿಟ್ಟು ಎಡಗೈಗೆ ಪೆನ್ಸಿಲ್ ಕೊಟ್ಟ. ಚಿಪ್ಪು ತಗ್ಗುಬಿದ್ದ ಬಾಣಲೆಯಂತಾಯಿತು, ಕಾಲುಗಳು ನಾಲ್ಕು ದಿಕ್ಕಿಗೆ ಹೋದವು. ತನ್ನ ಮಗುವನ್ನು ತಾನೇ ವಿಕಾರ ಮಾಡಿದ ಹಾಗೆ ಅವನಿಗೆ ನೋವಾಯಿತು. ಆದರೂ ಹಾಳೆ ಕೊಟ್ಟು ಬಂದು ನಿಟ್ಟುಸಿರು ಬಿಟ್ಟ.

ಅಷ್ಟರಲ್ಲಿ ತಿದ್ದಪ್ಪ ಬಂದ. ಬೇರೆಯವರು ಬರೆದ ಒರಟು ಚಿತ್ರವನ್ನು ಕೂದಲೆಳೆಯಷ್ಟೂ ಆಚೀಚೆ ಆಗದಂತೆ ಶುದ್ಧ ಗೆರೆಯಲ್ಲಿ ನಕಲು ತೆಗೆಯುವುದು ಅವನ ಕೆಲಸ. ಸ್ವಂತದ್ದೊಂದು ಗೆರೆಯನ್ನು ಅವನು ಎಳೆದದ್ದನ್ನು ಯಾರೂ ನೋಡಿರಲಿಲ್ಲ. ಅವತ್ತು ಹಲ್ಲು ಕೀಳಿಸಿಕೊಂಡು ತಡವಾಗಿ ಬಂದಿದ್ದ. ಬಾಯಿ ತುಂಬ ಹತ್ತಿ, ಕೆನ್ನೆ ಊದಿತ್ತು. ಬೋರ್ಡಿನ ಮೇಲೆ ಚಿತ್ರ, ಮೇಜಿನ ಮೇಲೆ ಖಾಲಿ ಹಾಳೆ. ಏನು, ಎತ್ತ ಎಂದು ಕೇಳಲು ಬಾಯಿ ತೆರೆಯುವಂತಿರಲಿಲ್ಲ. ದಿನಾ ಮಾಡುವುದನ್ನೇ ಮಾಡಿದ. ಹತ್ತು ನಿಮಿಷದಲ್ಲಿ ಬೋರ್ಡಿನ ಆಮೆ ಅಚ್ಚೊತ್ತಿದಂತೆ ಅವನ ಹಾಳೆಗೆ ಇಳಿಯಿತು.

“‘ನಾನಲ್ಲ’ ಅಂತ ಸಹಿ ಹಾಕದವರು ಇವರೊಬ್ಬರೇ,” ಎಂದರು ಮೇಡಂ, ಆಮೆಯ ಹಾಳೆಯನ್ನು ಬೆಳಕಿಗೆ ಹಿಡಿದು. “ನೀವಾ?”

“ಊಂ... ಊಂ...” ಎಂದ ತಿದ್ದಪ್ಪ.

“ಬನ್ನಿ ಒಳಗೆ.”

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಎಷ್ಟು ಒಳ್ಳೆ ಮನುಷ್ಯ. ಒಂದು ಮಾತು ಆಡಿದವನಲ್ಲ.” ಎದ್ದು ಹೋಗಿ ನಿಜ ಹೇಳಬೇಕೆಂದು ಬಾಲಣ್ಣನಿಗೂ ಅನ್ನಿಸಿತು. ಎರಡು ಸಲ ಎದ್ದ. ಮೊದಲ ಸಲ ನೀರು ಕುಡಿದು ಬಂದ, ಎರಡನೇ ಸಲ ಫ್ಯಾನ್ ಜೋರು ಮಾಡಿ ಬಂದ.

ಅರ್ಧ ಗಂಟೆಯ ಮೇಲೆ ಬಾಗಿಲು ತೆರೆಯಿತು. ಮೇಡಂ ತಿದ್ದಪ್ಪನ ಹೆಗಲ ಮೇಲೆ ಕೈಯಿಟ್ಟು ನಿಂತಿದ್ದರು.

“ಎಂಟು ವರ್ಷದಿಂದ ಈ ಬ್ಲಾಗ್ ತಪ್ಪದೆ ಓದ್ತಿದೀನಿ. ನಮ್ಮ ಬೆಕ್ಕುಗಳ ಬಗ್ಗೆ ಬರೆದದ್ದು ನೋಡಿದ್ಮೇಲೇ ಬರೆಯೋರು ನಮ್ಮೋರೇ ಅಂತ ಗೊತ್ತಾಗಿದ್ದು. ಬರೆದದ್ದು ನಿಜ, ಬೆಕ್ಕುಗಳನ್ನ ಇವತ್ತೇ ನಿಲ್ಸಿದೀನಿ. ನಮ್ಮ ಮುಂದಿನ ಸಿನಿಮಾ ಆಮೆ. ಡೈರೆಕ್ಟರ್ ಇವರೇ.”

ಎಲ್ಲರೂ ಚಪ್ಪಾಳೆ ತಟ್ಟಿದರು. ಬಾಲಣ್ಣನೂ ತಟ್ಟಿದ, ಆಮೇಲೆ ಅವನಿಗೆ ಅರ್ಥವಾಯಿತು. ಮೇಡಂ ಹಿಂದೆಯೇ ರೂಮಿಗೆ ಓಡಿದ.

“ಮೇಡಂ, ಆ ಆಮೆ ನಂದು.”

ಮೇಡಂ ಕಡತದಿಂದ ಅವನ ಹಾಳೆ ತೆಗೆದರು. “ನಿಮ್ಮ ಆಮೆ ಇಲ್ಲಿದೆ. ಆಮೆ ಬರೀರಿ ಅಂತ ನಾನೇ ಹೇಳಿರದಿದ್ರೆ ಬಾಣಲೆ ಅಂದ್ಕೋತಿದ್ದೆ.”

“ಅದು ಎಡಗೈಲಿ ಬರೆದದ್ದು. ಬೇಕಾದ್ರೆ ಬ್ಲಾಗಿಗೆ ಲಾಗಿನ್ ಆಗಿ ತೋರಿಸ್ತೀನಿ.”

ಅವರು ಮಡಚಿದ ಇನ್ನೊಂದು ಹಾಳೆ ಬಿಡಿಸಿದರು. “ನೀವೇ ಆಗಿದ್ರೆ ಬೆಳಿಗ್ಗೆ ನೀವು ಹಾಕಿದ್ದು ಸುಳ್ಳು ಸಹಿ. ಅದೂ ಎರಡು ಗೆರೆ ಎಳೆದು. ಸುಳ್ಳು ಸಹಿ ಹಾಕೋರನ್ನ ನಾನು ಒಂದು ದಿನಾನೂ ಇಟ್ಕೊಳ್ಳಲ್ಲ. ಈಗ ಹೇಳಿ, ಮೊಂಡು ಪೆನ್ಸಿಲ್ ನೀವೇನಾ?”

ಬಾಲಣ್ಣ ಗೋಡೆ ನೋಡಿದ, ನೆಲ ನೋಡಿದ.

“ನಾನಲ್ಲ ಮೇಡಂ.”

“ಹಾಗಾದ್ರೆ ಸರಿ.” ಅವರು ಬಾಣಲೆಯನ್ನು ಮತ್ತೊಮ್ಮೆ ದಿಟ್ಟಿಸಿದರು. ಹನ್ನೊಂದು ವರ್ಷದ ಅಭ್ಯಾಸ ಎಡಗೈಯನ್ನೂ ಬಿಟ್ಟಿರಲಿಲ್ಲ. “ಬೇಜಾರು ಮಾಡ್ಕೋಬೇಡಿ. ಇದರಲ್ಲಿ ಬಾಲ ಮಾತ್ರ ತುಂಬಾ ಚೆನ್ನಾಗಿದೆ. ಆಮೆ ಸಿನಿಮಾದಲ್ಲೂ ಬಾಲ ನಿಮಗೇ.”

ಸಂಜೆ ಮನೆಯಲ್ಲಿ ಎಲ್ಲವನ್ನೂ ಕೇಳಿದ ಹೆಂಡತಿ, “ಆಮೆ ಬಾಲ ಎಷ್ಟುದ್ದ ಇರುತ್ತೆ?” ಎಂದಳು.

ಅವನು ಬೆರಳಲ್ಲಿ ತೋರಿಸಿದ. ಅವಳು ಎದ್ದು ಒಳಗೆ ಹೋದಳು.

ಅವನಿಗೆ ಅಳು ಬಂತು. ಇನ್ನೆಂದೂ ಬರೆಯಬಾರದು, ಬ್ಲಾಗನ್ನೇ ಅಳಿಸಿಬಿಡಬೇಕು ಎಂದು ಕಂಪ್ಯೂಟರ್ ತೆರೆದ. ನಿನ್ನೆಯ ಬರಹದ ಕೆಳಗೆ ಹೆಸರಿಲ್ಲದವರೊಬ್ಬರ ಪ್ರತಿಕ್ರಿಯೆ ಬಂದು ಬಿದ್ದಿತ್ತು:

“ಸಾರ್, ನೀವು ಯಾರೋ ಗೊತ್ತಿಲ್ಲ. ಬಾಗಿಲು ತೆಗೆಯೋರು ಯಾರು ಅಂತ ದಯವಿಟ್ಟು ಇವತ್ತೇ ಬರೀರಿ. ನಾಳೆ ಹತ್ತು ಗಂಟೆಗೆ ಮೇಡಂ ಜೊತೆ ಮೀಟಿಂಗ್ ಇದೆ.”