ಆಟದ ಪೇಟೆಯಲ್ಲಿ ನನ್ನ ಕುಲುಮೆ

ಅರವತ್ತೆಂಟನೆಯ ವಯಸ್ಸಿನಲ್ಲಿ ಕಂಪ್ಯೂಟರ್ ಮುಂದೆ ಕೂತು ಕತ್ತಿ ಬಡಿದು ಮಾರುವವನ ಮನೆಯಲ್ಲಿ ನಗೆಗೆ ಕೊರತೆ ಇಲ್ಲ. ವಾರಕ್ಕೆ ಒಂದಾದರೂ ನಡೆಯುತ್ತದೆ. ಐದನ್ನು ಹೇಳುತ್ತೇನೆ.

ಮೊದಲು ಆಟ ಏನೆಂದು ಹೇಳಬೇಕು. ಮೊಣಕಾಲಿನ ಆಪರೇಶನ್ ಆಗಿ ಗೋಕಾಕದ ಮನೆಯಲ್ಲಿ ಮೂರು ತಿಂಗಳು ಕೂರಬೇಕಾಯಿತು. ಮಗಳು ಬಂದು ಕಂಪ್ಯೂಟರಿನಲ್ಲಿ ಒಂದು ಆಟ ಹಾಕಿಕೊಟ್ಟಳು. ಸಾವಿರಾರು ಮಂದಿ ತಮ್ಮ ತಮ್ಮ ಊರುಗಳಲ್ಲಿ ಕೂತು ಒಟ್ಟಿಗೇ ಆಡುತ್ತಾರೆ. ಹೆಚ್ಚಿನವರು ರಾಕ್ಷಸರನ್ನು ಹೊಡೆಯುತ್ತಾರೆ. ನನಗೆ ಅದು ಬೇಡವಾಯಿತು. ಆದರೆ ಹೊಡೆಯುವವರಿಗೆ ಕತ್ತಿ ಬೇಕಲ್ಲ? ಗಣಿಯಲ್ಲಿ ಅದಿರು ಅಗೆದು, ಕತ್ತಿ ಮಾಡಿ, ಆಟದ ಹರಾಜು ಕಟ್ಟೆಯಲ್ಲಿ ಇಟ್ಟರೆ ಅವರು ಚಿನ್ನದ ನಾಣ್ಯ ಕೊಟ್ಟು ಒಯ್ಯುತ್ತಾರೆ. ನಾಣ್ಯ ಆಟದೊಳಗಿನದು. ಹೊರಗೆ ಅದಕ್ಕೆ ಅರ್ಧ ಕಪ್ ಚಹಾ ಬರುವುದಿಲ್ಲ.

ಆಟದೊಳಗಿನ ಪೇಟೆಯ ನಡುವೆ ಒಂದು ಅಂಗಡಿ ಮಾರಾಟಕ್ಕಿತ್ತು. ಒಂದೇ ಒಂದು. ಬೆಲೆ ಐದು ಲಕ್ಷ ನಾಣ್ಯ. ಮೊದಲು ಕೊಟ್ಟವನಿಗೆ ಸಿಗುವುದು. ಹುಕ್ಕೇರಿಯಲ್ಲಿ ಮೂವತ್ತು ವರ್ಷ ಹುಡುಗರಿಗೆ ಫಿಟ್ಟರ್ ಕೆಲಸ ಕಲಿಸಿದೆ. ಅವರೆಲ್ಲ ವರ್ಕ್‌ಶಾಪ್ ಹಾಕಿದರು. ನಾನು ಪಗಾರ ತೆಗೆದುಕೊಂಡೆ. ಈ ಅಂಗಡಿ ನನಗೆ ಬೇಕಿತ್ತು.

ಮೊದಲ ಕತ್ತಿ

ಆಟದಲ್ಲಿ ಕತ್ತಿ ಮಾಡುವುದು ಒಂದು ಗುಂಡಿ ಒತ್ತುವ ಕೆಲಸ. ಸುತ್ತಿಗೆ ಮೂರು ಸಲ ಟಣ್ ಎನ್ನುತ್ತದೆ. ಕತ್ತಿ ಸಿದ್ಧ. ಒಂದು ಅಂಚನ್ನು ಅರದಿಂದ ಉಜ್ಜಿ ಸಮ ಮಾಡಲು ನನ್ನ ಹುಡುಗರು ಎಂಟು ದಿನ ಬೆವರು ಸುರಿಸುತ್ತಿದ್ದರು. ಮೂರು ಟಣ್‌ಗೆ ಕತ್ತಿ ಎಂದರೆ ನಂಬುವುದು ಹೇಗೆ?

ಕತ್ತಿ ಕೆಂಪಗೆ ಹೊಳೆಯುತ್ತಿತ್ತು. ಮುಟ್ಟಲಿಲ್ಲ. ಸುಮ್ಮನೆ ಕೂತೆ. ಹತ್ತು ನಿಮಿಷವಾಯಿತು. ಮನೆಯಾಕೆ ಒಳಗಿನಿಂದ ಬಂದು ನೋಡಿದಳು.

"ಯಾಕ ಹಂಗ ಕುಂತೀರಿ? ಆಟ ಕೆಟ್ಟೈತೇನ?"

"ಇಲ್ಲ. ಕಬ್ಬಿಣ ಆರಾಕತ್ತೈತಿ."

ಅವಳು ಪರದೆ ನೋಡಿದಳು. ನನ್ನನ್ನು ನೋಡಿದಳು.

"ಅದು ಕೆಂಪು ಬಣ್ಣದ ಕತ್ತಿ ರೀ. ಆರೂದಿಲ್ಲ. ಬಾಜೂಕಿನ ಚಾ ಆರೈತಿ, ಅದನ್ನ ಕುಡೀರಿ."

ಐದು ಬಾಣ

ಕತ್ತಿಯ ಜೊತೆ ಬಾಣವನ್ನೂ ಮಾಡತೊಡಗಿದೆ. ಯಾರೋ ಒಬ್ಬ ನೂರು ಬಾಣ ಕೇಳಿದ. ನೂರು ಎಣಿಸಿ ಕೊಟ್ಟೆ. ಮೇಲೆ ಐದು ಕೊಸರು ಹಾಕಿದೆ. ಸಂತೆಯಲ್ಲಿ ಮೆಣಸಿನಕಾಯಿ ಮಾರುವವಳೂ ತೂಕದ ಮೇಲೆ ಒಂದು ಹಿಡಿ ಹಾಕುತ್ತಾಳೆ. ಕೊಸರಿಲ್ಲದೆ ಮಾರಿದರೆ ಅದು ವ್ಯಾಪಾರವಲ್ಲ, ವಸೂಲಿ.

ಅವನು ಆ ಐದನ್ನು ತಿರುಗಿ ಕಳಿಸಿದ. ಇದು ಯಾಕೆ ಎಂದು ಹಿಂದಿಯಲ್ಲಿ ಕೇಳಿದ. ಸುಮ್ಮನೆ, ಮೇಲಿನದು ಎಂದು ನನಗೆ ಬಂದಷ್ಟು ಹಿಂದಿಯಲ್ಲಿ ಬರೆದು ಮತ್ತೆ ಕಳಿಸಿದೆ. ಅವನು ಮತ್ತೆ ತಿರುಗಿಸಿದ. ನಾನು ಮತ್ತೆ ಕಳಿಸಿದೆ. ನಾನೂ ಬಿಡಲಿಲ್ಲ, ಅವನೂ ತೆಗೆದುಕೊಳ್ಳಲಿಲ್ಲ. ಆರನೆಯ ಸಲಕ್ಕೆ ಅವನು ಆಟ ನಡೆಸುವವರಿಗೆ ದೂರು ಕೊಟ್ಟ. ಪುಕ್ಕಟೆ ಮಾಲು ಕೊಟ್ಟು ಖಾತೆ ಕದಿಯಲು ನೋಡುತ್ತಿದ್ದಾನೆ ಎಂದು.

ನನ್ನನ್ನು ಎರಡು ದಿನ ಆಟದಿಂದ ಹೊರಗೆ ಹಾಕಿದರು. ಕಾರಣ ಬರೆದು ಕೊಡಿ ಎಂದರು. "ಕೊಸರು" ಎಂದು ಬರೆದೆ. ಅವರಿಗೆ ತಿಳಿಯಲಿಲ್ಲ. ಮಗಳು ಅದನ್ನೇ ಇಂಗ್ಲಿಷಿನಲ್ಲಿ ಎರಡು ಪುಟ ಬರೆದು ಕಳಿಸಿದಳು. ಆಗ ಬಿಟ್ಟರು.

ಮನೆಯಾಕೆ ಇದನ್ನೆಲ್ಲ ಕೇಳುತ್ತ ಹೂವು ಕಟ್ಟುತ್ತಿದ್ದಳು.

"ನಲವತ್ತು ವರ್ಷದಾಗ ನನಗ ಒಂದು ಮೊಳ ಹೂವು ಹೆಚ್ಚಿಗಿ ತಂದವರಲ್ಲ," ಎಂದಳು. "ಯಾವನೋ ಗುರ್ತಿಲ್ಲದಾಂವಗ ಐದು ಬಾಣ ಕೊಡಾಕ ಹೋಗಿ ಸಿಕ್ಕಬಿದ್ದಾರ."

ಒಲಿ ನಂದ

ಮಗಳು ಬಿಟ್ಟುಹೋದ ಹಳೆಯ ಲ್ಯಾಪ್‌ಟಾಪ್ ಇತ್ತು. ನಾನು ಹೊರಗಿದ್ದ ಆ ಎರಡು ದಿನದಲ್ಲಿ ಮನೆಯಾಕೆ ಅದನ್ನು ತೆಗೆದುಕೊಂಡು ಆಟದ ಅಡುಗೆ ಕಸುಬಿಗೆ ಸೇರಿಬಿಟ್ಟಿದ್ದಳು. ಅಲ್ಲಿ ಅಡುಗೆ ಮಾಡಿಯೂ ಮಾರಬಹುದು. ತಿಂದವರಿಗೆ ಶಕ್ತಿ ಬರುತ್ತದೆ. ಆದರೆ ಲಾಭದ ಅಡುಗೆಯೆಲ್ಲ ಮಾಂಸದ್ದು. ಕಾಡುಹಂದಿಯ ಸಾರು, ಸುಟ್ಟ ಮೀನು.

"ಹಂದಿದು ಮಾಡು. ಬೆಲೆ ಐತಿ," ಎಂದೆ.

"ಅಯ್ಯ! ಲಿಂಗ ಕಟ್ಟಿದ ಮನಿ ಇದು."

"ಅದು ಚಿತ್ರ."

"ಚಿತ್ರ ಆದ್ರೇನಾತು? ಒಲಿ ನಂದ."

ಕುಂಬಳಕಾಯಿ, ಗಡ್ಡೆ, ಸೊಪ್ಪು. ಅಷ್ಟೇ ಮಾಡಿದಳು. ಆಟದಲ್ಲಿ ತನ್ನ ಹೆಸರಿನ ಮುಂದೆ "ಶುದ್ಧ ಶಾಕಾಹಾರ" ಎಂದು ಹಾಕಿಕೊಂಡಳು. ಎಂಟು ದಿನಕ್ಕೆ ಮುಚ್ಚುತ್ತಾಳೆ ಎಂದುಕೊಂಡೆ.

ನನಗೆ ಗೊತ್ತಿರಲಿಲ್ಲ. ಆಟದಲ್ಲಿ ಕಾಡಿನ ಸನ್ಯಾಸಿಗಳ ಒಂದು ಪಂಗಡ ಇದೆ. ಮಾಂಸ ತಿಂದರೆ ಅವರ ಮಂತ್ರ ಫಲಿಸುವುದಿಲ್ಲ. ಅಡುಗೆಯವರೆಲ್ಲ ಹಂದಿಯ ಹಿಂದೆ ಓಡಿದ್ದರಿಂದ ಆ ಸನ್ಯಾಸಿಗಳು ಉಪವಾಸ ಬಿದ್ದಿದ್ದರು. ಈಗ ಅವಳ ಮುಂದೆ ಸಾಲು ನಿಂತರು. ನಾನು ಎರಡು ತಿಂಗಳಲ್ಲಿ ಗಳಿಸಿದ್ದನ್ನು ಅವಳು ಎಂಟು ದಿನದಲ್ಲಿ ಗಳಿಸಿದಳು.

"ಹ್ಯಾಂಗ?" ಎಂದು ಕೇಳಿದೆ.

"ನೀವು ಕತ್ತಿ ಗಟ್ಟಿ ಮಾಡ್ತೀರಿ. ಒಯ್ದಾಂವ ಮತ್ತ ಈ ಕಡಿ ಹಾಯಂಗಿಲ್ಲ. ನನ್ನ ಪಲ್ಯಾ ತಿಂದಾಂವಗ ನಾಳಿ ಮತ್ತ ಹಸಿವಿ ಆಗತೈತಿ."

ಅಂದು ಮಧ್ಯಾಹ್ನವೆಲ್ಲ ಕತ್ತಿ ಕಚ್ಚಾ ಮಾಡುವ ಗುಂಡಿ ಹುಡುಕಿದೆ. ಇರಲಿಲ್ಲ.

ಬೀಗರು

ಮೂಡಲಗಿಯ ಬೀಗರು, ಅಂದರೆ ಮಗಳ ಮಾವ, ಬೆಲ್ಲದ ವ್ಯಾಪಾರಿ. ನನ್ನ ಕಾಲು ನೋಡಲು ಬಂದರು. ಕಂಪ್ಯೂಟರ್ ನೋಡಿ ನಕ್ಕರು.

"ಏನ್ರಿ ಬೀಗರ, ಈ ವಯಸ್ಸಿನ್ಯಾಗ ಸಣ್ಣ ಹುಡುಗರ ಆಟ ಹಚ್ಚೀರಲ್ಲ?"

"ಕಾಲು ನೋಯ್ತೈತ್ರಿ."

ಹದಿನೈದು ದಿನ ಕಳೆಯಿತು. ಅಗೆದದ್ದು ಸಾಲದೆ ನಾನು ಅದಿರು ಕೊಳ್ಳುತ್ತಿದ್ದೆ. ಒಂದು ಬೆಳಿಗ್ಗೆ ಹರಾಜು ಕಟ್ಟೆಯಲ್ಲಿ ಅದಿರೇ ಇಲ್ಲ. ಇದ್ದದ್ದೆಲ್ಲ ಒಬ್ಬನ ಹತ್ತಿರ ಇತ್ತು. ದುಪ್ಪಟ್ಟು ರೇಟು. ಮಾರುವವನ ಹೆಸರು "ಮೂಡಲಗಿ ಬೆಲ್ಲ".

ಮಗಳ ಫೋನ್ ಬಂತು.

"ಅಪ್ಪಾ, ಮಾವಾರಿಗೂ ಆಟ ಹಾಕಿಕೊಟ್ಟೇನಿ. ಅಗಿಯೂದಿಲ್ಲ, ಬಡಿಯೂದಿಲ್ಲ. ಇದ್ದ ಅದಿರೆಲ್ಲ ಖರೀದಿ ಮಾಡಿ ಇಟ್ಕೊಂಡು ಕುಂತಾರ. ಅಗದೀ ಖುಷಿ ಅದಾರ. ನೀ ಏನೂ ಅನಬ್ಯಾಡ ನೋಡು."

ಏನು ಅನ್ನುವುದು? ಹೆಣ್ಣು ಕೊಟ್ಟವನು ಬೀಗರ ಹತ್ತಿರ ಚೌಕಾಶಿ ಮಾಡುವಂತಿಲ್ಲ. ಹೇಳಿದ ರೇಟಿಗೆ ಕೊಂಡೆ. ಮೂರು ವಾರ ಕೊಂಡೆ. ಅಂಗಡಿ ಮೂರು ವಾರ ದೂರ ಹೋಯಿತು. ಆಮೇಲೆ ತಡೆಯದೆ ಫೋನ್ ಮಾಡಿದೆ.

"ಆರಾಮ ಏನ್ರಿ ಬೀಗರ?"

"ಆರಾಮ್ರಿ. ಕಾಲು ಹ್ಯಾಂಗೈತಿ?"

"ಐತ್ರಿ. ವ್ಯಾಪಾರ?"

"ಅಗದೀ ಚಲೋ. ಆಟದಾಗ ಒಬ್ಬ ಗಿರಾಕಿ ಸಿಕ್ಕಾನ್ರಿ. ಎಷ್ಟು ಹೇಳಿದ್ರೂ ತಗೋತಾನ. ಪಾಪ, ತಲಿ ಸ್ವಲ್ಪ ಕಡಿಮಿ ಕಾಣಸ್ತೈತಿ."

ಆಟದಲ್ಲಿ ನನ್ನ ಹೆಸರು "ಗೋಕಾಕ ಮಾಸ್ತರ". ಅವರಿಗೆ ಗೊತ್ತಿತ್ತು. ಗೊತ್ತಿದೆ ಎಂದು ನನಗೂ ಗೊತ್ತಿತ್ತು.

"ಹೌದ್ರಿ, ಪಾಪ," ಎಂದೆ.

ಅಂಗಡಿಯ ಬಾಗಿಲು

ಕಡೆಗೂ ಐದು ಲಕ್ಷ ಆಯಿತು. ಊಟ ಮುಗಿಸಿ, ಒಳ್ಳೆಯ ಅಂಗಿ ಹಾಕಿಕೊಂಡು ಕಂಪ್ಯೂಟರ್ ಮುಂದೆ ಕೂತೆ. ಮನೆಯಾಕೆ ಎದುರು ಮಂಚದ ಮೇಲೆ ತನ್ನ ಲ್ಯಾಪ್‌ಟಾಪ್ ಹಿಡಿದು ಕೂತಿದ್ದಳು. ಆಟದ ಪೇಟೆಗೆ ಹೋದೆ. ಅಂಗಡಿಯ ಬಾಗಿಲಲ್ಲಿ ತಲೆಗೆ ಕೆಂಪು ಪಟಕಾ ಸುತ್ತಿದ ಒಬ್ಬ ನಿಂತಿದ್ದ. ಮೂಡಲಗಿ ಬೆಲ್ಲ.

ಬೀಗರ ಫೋನ್ ಬಂತು. ಸ್ಪೀಕರ್ ಹಾಕಿ ಪಕ್ಕಕ್ಕಿಟ್ಟೆ.

"ಬೀಗರ, ಏನ್ರಿ ಈ ಕಡಿ?"

"ಸುಮ್ಮ ಬಂದಿದ್ದೆ. ನೀವು?"

"ನಾನೂ ಸುಮ್ಮ. ಐದು ಲಕ್ಷ ಆಗಿತ್ತು, ಅಡ್ಡಾಡಾಕ ಬಂದೆ."

ನನ್ನ ಅದಿರಿನ ದುಡ್ಡೇ ಅದು. ಆದರೂ ಮರ್ಯಾದೆ ಬಿಡಲಾಗದು.

"ಅಂಗಡಿ ನೀವ ತಗೋರಿ," ಎಂದೆ.

"ಛೆ ಛೆ, ನೀವ ತಗೋರಿ."

"ಇಲ್ರಿ, ಮೊದಲ ಬಂದವರು ನೀವು."

"ವಯಸ್ಸಿನ್ಯಾಗ ದೊಡ್ಡವರು ನೀವು. ತಗೋರಿ."

ನಮ್ಮ ಕಡೆ ಒಂದು ಪದ್ಧತಿ ಇದೆ. ಕೊಡುತ್ತೇನೆ ಎಂದರೆ ಮೂರು ಸಲ ಬ್ಯಾಡ ಅನ್ನಬೇಕು. ನಾಲ್ಕನೆಯ ಸಲಕ್ಕೆ ಒಪ್ಪಬೇಕು. ಇಬ್ಬರೂ ಇನ್ನೊಬ್ಬರ ನಾಲ್ಕನೆಯ ಮಾತಿಗೆ ಕಾಯುತ್ತಿದ್ದೆವು. ಒಬ್ಬರೂ ಮೂರು ದಾಟಲಿಲ್ಲ.

ಅಷ್ಟರಲ್ಲಿ ನಮ್ಮ ಹಿಂದೆ ಯಾರೋ ಗುರುತಿಲ್ಲದವನೊಬ್ಬ ಕುದುರೆಯ ಮೇಲೆ ಬಂದು ಇಳಿದ. ಸೀದಾ ಬಾಗಿಲ ಕಡೆಗೇ ನಡೆದ. ಸೊಂಟದಲ್ಲಿ ನಾನೇ ಮಾಡಿದ ಕತ್ತಿ. ನನ್ನ ಕೈ ಮೌಸಿನ ಮೇಲೆ ಹಾಗೇ ನಿಂತಿತು. ಬೀಗರು ಇನ್ನೂ "ನೀವ ತಗೋರಿ" ಎನ್ನುತ್ತಲೇ ಇದ್ದರು.

ಮಂಚದಿಂದ ಮನೆಯಾಕೆಯ ದನಿ ಬಂತು.

"ಹಾದಿ ಬಿಡ್ರಿ ಇಬ್ಬರೂ! ಹಿಂದ ಒಬ್ಬಾಂವ ಬರಾಕತ್ತಾನ, ಕಾಣವಲ್ದು? ಬಾಗಲದಾಗ ನಿಂತು ಉಪಚಾರ ಮಾಡ್ತಾರಂತ!"

ಬೆನ್ನಿಗೆ ಹಂಡೆ ಕಟ್ಟಿಕೊಂಡ ಒಂದು ಹೆಣ್ಣು ನಮ್ಮಿಬ್ಬರ ನಡುವೆ ತೂರಿ ಒಳಗೆ ಹೋಯಿತು. ಟಣ್ ಎಂದಿತು. ಅಂಗಡಿಯ ಮೇಲೆ ಫಲಕ ಬಂತು: ಖಾನಾವಳಿ. ಶುದ್ಧ ಶಾಕಾಹಾರ.

ಬಂದವನು ಫಲಕ ಓದಿ ಕುದುರೆ ಹತ್ತಿ ಹೋದ.

"ಹಿತ್ತಲದಾಗ ಜಾಗಾ ಐತಿ ರೀ," ಎಂದಳು ಮನೆಯಾಕೆ. "ಕುಲಿಮಿ ಹಾಕೋರಿ. ಬಾಡಿಗಿ ಬ್ಯಾಡ. ಮೊದಲ ನನಗ ಇಪ್ಪತ್ತು ಸೌಟು ಮಾಡಿಕೊಡ್ರಿ."

ಹಿತ್ತಲಿಗೆ ಹೋಗಿ ನೋಡಿದೆ. ಜಾಗ ಚೆನ್ನಾಗಿತ್ತು. ಗಾಳಿ ಬೆಳಕು ಇತ್ತು. ಸೌಟು ಮಾಡಲು ಕೂತೆ.

ಬೀಗರು ಫೋನಿನಲ್ಲೇ ಕೇಳಿದರು.

"ಅಕ್ಕಾರ, ಅದಿರು ಇಡಾಕ ನನಗೂ ಅಲ್ಲೊಂದು ಮೂಲಿ ಸಿಗತೈತೇನ್ರಿ?"

"ಸಿಗತೈತ್ರಿ ಬೀಗರ. ಭಾಂಡಿ ತಿಕ್ಕಾಕ ಒಬ್ಬರು ಬೇಕಾಗಿದ್ರು."

ಬೀಗರು ಒಂದು ಸಲವೂ ಬ್ಯಾಡ ಅನ್ನಲಿಲ್ಲ.